ದಿಕ್ಸೂಚಿಯ ಒಳಮಗ್ಗುಲು

ಹೋದ ವಾರ ಕರಾವಳಿ ಕಡೆಯಿಂದ ಒಂದು ಸಣ್ಣ ಪಾರ್ಸೆಲ್ ಬಂತು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಹಿತ್ತಾಳೆಯ ದಿಕ್ಸೂಚಿ, ಅಂಗೈಯಗಲದ್ದು. ಗಾಜು ಬಿರುಕು ಬಿಟ್ಟಿತ್ತು. ಕಳಿಸಿದ ಹೆಂಗಸು ಮೊದಲೇ ಫೋನ್ ಮಾಡಿ ಹೇಳಿದ್ದಳು. ಅವಳ ತಂದೆ ದೋಣಿ ನಡೆಸುತ್ತಿದ್ದವರು, ಈಗ ಹಾಸಿಗೆ ಹಿಡಿದಿದ್ದಾರೆ, ಆದರೂ ಇದು ತಲೆದಿಂಬಿನ ಪಕ್ಕದಲ್ಲೇ ಇರಬೇಕು ಅನ್ನುತ್ತಾರೆ, ಬೇಗ ಮಾಡಿಕೊಡಿ ಎಂದು. ಕೆಲಸದ ಮೇಜಿನ ಮುಂದೆ ಕೂತು ಅಂಚಿನ ಬಳೆಯನ್ನು ತಿರುಗಿಸಿ ತೆಗೆದೆ. ಒಳಗಿನಿಂದ ಹೊಂಗೆ ಎಣ್ಣೆಯ ವಾಸನೆ ಬಂತು.

ಬಳೆಯನ್ನು ಹಾಗೆಯೇ ಕೆಳಗಿಟ್ಟೆ.

ಮಾವ, ಅಂದರೆ ನನ್ನ ಗಂಡನ ತಂದೆ, ಈ ಮಾಗಿಯಲ್ಲಿ ತೀರಿಕೊಂಡರು. ಗಾಜು ಮುಚ್ಚುವ ಮೊದಲು ಹಿತ್ತಾಳೆಗೆ ಹೊಂಗೆ ಎಣ್ಣೆ ಸವರುತ್ತಿದ್ದವರು ಅವರೊಬ್ಬರೇ. ಹಸಿರು ಕಿಲುಬು ಹಿಡಿಯಬಾರದೆಂದು ಬಟ್ಟೆಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ, ಹಿಂಡಿ, ಮಗುವಿನ ಮೂಗು ಒರೆಸಿದಷ್ಟು ಹಗುರವಾಗಿ ಒರೆಸುತ್ತಿದ್ದರು. ನನ್ನ ಗಂಡ ಮುನಿರಾಜು ಡಬ್ಬಿಯಲ್ಲಿ ಬರುವ ಸ್ಪ್ರೇ ಹೊಡೆಯುತ್ತಾನೆ. ಅದೂ ಚೆನ್ನಾಗಿದೆ. ಆದರೆ ಅದಕ್ಕೆ ವಾಸನೆಯಿಲ್ಲ. ಇಷ್ಟು ವರ್ಷ ದಿಕ್ಸೂಚಿಯ ಡಬ್ಬಿಯೊಳಗೆ ಮುಚ್ಚಿಕೊಂಡಿದ್ದ ಎಣ್ಣೆಯ ವಾಸನೆ ಒಂದು ನಿಮಿಷ ಇದ್ದು ಶೆಡ್ಡಿನ ಗಾಳಿಯಲ್ಲಿ ಕರಗಿ ಹೋಯಿತು. ಅದರ ಜೊತೆಗೆ ನಾನು ಮದುವೆಯಾಗಿ ಬಂದ ವರ್ಷದ ಆಷಾಢ ಪೂರ್ತಿ ನೆನಪಿಗೆ ಬಂತು.

ನಮ್ಮದು ಹಡಗಿನ ಸಾಮಾನಿನ ಅಂಗಡಿ. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಒಂದು ಓಣಿಯಲ್ಲಿ ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿತ್ತಲಿನ ತಗಡಿನ ಶೆಡ್ಡೇ ಕಾರ್ಖಾನೆ. ಹಿತ್ತಾಳೆ ಗಂಟೆ, ಹಡಗಿನ ಲಾಟೀನು, ದುರ್ಬೀನು, ಮರದ ಚುಕ್ಕಾಣಿ ಚಕ್ರ, ಮರಳು ಗಡಿಯಾರ, ಲಂಗರಿನ ಆಕಾರದ ಕೀಚೈನು, ಬಾಟಲಿಯೊಳಗೆ ನಿಲ್ಲಿಸಿದ ಹಾಯಿದೋಣಿ. ಕೆಲವು ನಿಜವಾಗಿಯೂ ಹಳೆಯವು. ಉಳಿದವು ನಮ್ಮ ಶೆಡ್ಡಿನಲ್ಲೇ ಹುಟ್ಟಿದ ನಕಲುಗಳು, ನಕಲು ಎಂದು ಹೇಳಿಯೇ ಮಾರುತ್ತೇವೆ. ಸಮುದ್ರ ಇಲ್ಲಿಂದ ಎಷ್ಟು ದೂರ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನಮಗೆ ಗೊತ್ತಿರುವ ದೊಡ್ಡ ನೀರೆಂದರೆ ಬೇತಮಂಗಲದ ಕೆರೆ. ಓಣಿಗೆ ನೀರು ಬರುವುದು ಟ್ಯಾಂಕರಿನಲ್ಲಿ.

ನನ್ನ ತವರು ಬಂಗಾರಪೇಟೆಯ ಹತ್ತಿರದ ಹಳ್ಳಿ. ರಾಗಿ ಹೊಲ, ಹಸುಗಳು, ಬೆಳಗಾದರೆ ಡೇರಿಗೆ ಹಾಲು. ನನ್ನನ್ನು ನೋಡಲು ಬಂದ ದಿನ ನಮ್ಮ ದೊಡ್ಡಪ್ಪ ಕೇಳಿದ್ದು ಈಗಲೂ ಮನೆಯಲ್ಲಿ ನಗುವಿನ ಮಾತು.

“ಉಡ್ಗ ಏನ್ ಮಾಡ್ತವ್ನೆ?”

“ಅಡಗಿನ ಸಾಮಾನು ಮಾರ್ತಾನೆ,” ಅಂದರು ಮಾವ.

“ಕೋಲಾರದ ಸೀಮೇಲಿ ಅಡಗಾ? ಎಲ್ಲಿ ಓಡುಸ್ತೀರಾ, ಸೈನೈಡ್ ಗುಡ್ಡದ ಮ್ಯಾಲಾ?”

ಮಾವ ಬಾಯೊಳಗಿನ ಬೋಂಡವನ್ನು ನುಂಗಿ ನಿಧಾನವಾಗಿ ಹೇಳಿದರು: “ಓಡ್ಸಲ್ಲ ಸಾಮಿ. ಒರೆಸಿ ಮಡುಗ್ತೀವಿ, ಅಷ್ಟೆ.”

ಅವರು ಚಿನ್ನದ ಗಣಿಯ ಸರ್ವೇ ಸೆಕ್ಷನ್ನಿನಲ್ಲಿ ಸಹಾಯಕರಾಗಿದ್ದವರು. ಭೂಮಿಯೊಳಗೆ ಸುರಂಗ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಅಳೆಯುವವರ ಜೊತೆ ಸರಪಳಿ, ದೀಪ ಮತ್ತು ದಿಕ್ಸೂಚಿ ಹೊತ್ತು ನಡೆಯುವ ಕೆಲಸ. ದಿಕ್ಸೂಚಿಗೆ ಗಣಿಯವರು ಡಯಲ್ ಅನ್ನುತ್ತಿದ್ದರು. ಗಣಿ ಮುಚ್ಚಿದ ಮೇಲೆ ಮಾವ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟರಂತೆ. ಬೆಳಿಗ್ಗೆ ಕೂತವರು ಊಟಕ್ಕೆ ಎದ್ದು ಮತ್ತೆ ಅಲ್ಲೇ. ಅತ್ತೆ ಒಂದು ದಿನ ತಡೆಯಲಾರದೆ, “ನೀವು ನೋಡುದ್ರೆ ಗೋಡೇಗೆ ಸುಣ್ಣ ಬತ್ತದಾ?” ಎಂದು ಕೇಳಿದ್ದರಂತೆ. ಇದು ನಡೆದದ್ದು ಮುನಿರಾಜು ಶಾಲೆಯಲ್ಲಿದ್ದಾಗ. ಮನೆಗೆ ಬಂದರೆ ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು ಎಂದು ಅವನು ನನಗೆ ಹೇಳಿದ್ದ.

ಆಮೇಲೆ ಒಂದು ದಿನ ಗುಜರಿಯವನೊಬ್ಬ ಕಪ್ಪಗೆ ಮಸಿ ಹಿಡಿದ ಲಾಟೀನೊಂದನ್ನು ತಂದ. ಹಡಗು ಹತ್ತಿ ಬಂದಿದ್ದ ದೊರೆಗಳ ಬಂಗಲೆಗಳು ಒಂದೊಂದಾಗಿ ಖಾಲಿಯಾಗಿ, ಅವುಗಳ ಅಟ್ಟದಲ್ಲಿದ್ದದ್ದೆಲ್ಲ ಬೀದಿಗೆ ಬರುತ್ತಿದ್ದ ಕಾಲ. ಅತ್ತೆ ಅದನ್ನು ಮಾವನ ಮಡಿಲಿಗೆ ಇಟ್ಟು, ಪಕ್ಕದಲ್ಲಿ ಹುಣಸೆಹಣ್ಣು ಇಟ್ಟು, ಒಳಗೆ ಹೋದರು. ಸಂಜೆಗೆ ಲಾಟೀನು ಹೊಳೆಯುತ್ತಿತ್ತು. ಬೆಂಗಳೂರಿನ ಅಂಗಡಿಯವರು ಅದನ್ನು ಕೊಂಡು, ಇಂಥದ್ದು ಇನ್ನೂ ಇದೆಯೇ ಎಂದು ಕೇಳಿದರು. ಹಾಗೆ ಶುರುವಾಯಿತು ನಮ್ಮ ವ್ಯಾಪಾರ. ನಿಜವಾದವು ಮುಗಿಯುತ್ತ ಬಂದ ಹಾಗೆ ನಕಲು ಮಾಡತೊಡಗಿದರು. ಮುನಿರಾಜು ಲೇತ್ ಕಲಿತ. ಮಾವ ಮೆರುಗು ಕೊಡುವುದು, ಜೋಡಿಸುವುದು ನೋಡಿಕೊಂಡರು.

ನಾನು ಬಂದ ವರ್ಷ ಬೇಸಗೆಯ ಕೊನೆಗೆ ಮಂಗಳೂರಿನಾಚೆಯ ಒಂದು ದೋಣಿ ಕ್ಲಬ್ಬಿನಿಂದ ದಿಕ್ಸೂಚಿಗಳ ಆರ್ಡರ್ ಬಂತು. ಹಳೆಯ ದೋಣಿಗಾರರನ್ನು ಕರೆದು ಸನ್ಮಾನ ಮಾಡುತ್ತಾರಂತೆ, ಶಾಲಿನ ಜೊತೆ ಒಂದೊಂದು ಕೊಡಲು. ಅಲ್ಲಿಯವರೆಗೆ ನಮ್ಮ ದಿಕ್ಸೂಚಿಗಳ ಮುಖ ಕಾಗದದ್ದು, ಬೆಂಗಳೂರಿನಲ್ಲಿ ಅಚ್ಚಾಗಿ ಬರುತ್ತಿತ್ತು. ಕ್ಲಬ್ಬಿನವರು ಅದು ಬೇಡವೆಂದರು. ಉಪ್ಪುಗಾಳಿಗೆ ಕಾಗದ ಉಬ್ಬುತ್ತದೆ, ಹಿತ್ತಾಳೆ ತಗಡಿನ ಮೇಲೇ ಅಕ್ಷರ ಕೆತ್ತಿರಬೇಕು.

“ನಾನ್ ಕೆತ್ತುತೀನಿ,” ಅಂದರು ಮಾವ.

ಅವರು ಶಾಲೆಗೆ ಹೋದವರಲ್ಲ. ಬರೆಯಲು ಬರುತ್ತಿದ್ದದ್ದು ತಮ್ಮ ಹೆಸರು ಮತ್ತು ಡಯಲಿನ ಮೇಲಿನ ನಾಲ್ಕು ಇಂಗ್ಲಿಷ್ ಅಕ್ಷರ: ಎನ್, ಇ, ಎಸ್, ಡಬ್ಲ್ಯೂ. ಆ ನಾಲ್ಕನ್ನು ಮಾತ್ರ ಅವರು ಎಷ್ಟು ಚಂದ ಕೆತ್ತುತ್ತಿದ್ದರೆಂದರೆ ಬೆರಳಾಡಿಸಿದರೆ ಅಂಚು ತಾಕುತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ನಾನು ಕಾಫಿ ತೆಗೆದುಕೊಂಡು ಹೋದರೆ ತಲೆ ಎತ್ತುತ್ತಿರಲಿಲ್ಲ. ಲೋಟ ಆರಿ ಕೆನೆ ಕಟ್ಟುತ್ತಿತ್ತು. “ಹೊಸದಾಗಿ ಇಸ್ಕೂಲ್ ಸೇರಿದ ಉಡ್ಗನಂಗೆ ಆಡ್ತವ್ರೆ ನಿಮ್ಮಾವ,” ಎಂದು ಅತ್ತೆ ಬೈಯುತ್ತಿದ್ದರು. ಬೈಗುಳದಲ್ಲಿ ಸಂತೋಷ ಇತ್ತು. ಮುನಿರಾಜು ಒಂದು ಸಂಜೆ ನನಗೆ ಮೆಲ್ಲಗೆ ಹೇಳಿದ: “ಗಣಿ ಮುಚ್ಚಿದ್ಮೇಲೆ ಅಪ್ಪ ಇಂಗೆ ಕೂತ್ಕಂಡು ಕೆಲ್ಸ ಮಾಡಿದ್ದು ನಾನ್ ನೋಡೇ ಇಲ್ಲ.”

ಅಷ್ಟರಲ್ಲಿ ಆಷಾಢ ಬಂತು. ನಮ್ಮ ಕಡೆ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಹೊಸ ಸೊಸೆ ತವರಿಗೆ ಹೋಗಬೇಕು. ಹೊರಡುವಾಗ ಮಾವ ಒಂದು ದಿಕ್ಸೂಚಿಯನ್ನು ನನ್ನ ಕೈಗಿಟ್ಟರು. ಅವರು ನನ್ನನ್ನು ಕರೆಯುತ್ತಿದ್ದದ್ದು ತೆಲುಗಿನಲ್ಲಿ, ಅಮ್ಮಾಯಿ ಎಂದು.

“ಅಮ್ಮಾಯಿ, ಇದು ನಿಮ್ಮಪ್ಪಂಗೆ ಕೊಡು. ಅಡಗು ಎಲ್ಲಿ ಓಡುಸ್ತೀರಾ ಅಂತ ಕೇಳಿದ್ರಲ್ಲ ನಿಮ್ ದೊಡ್ಡಪ್ಪ, ಅವ್ರಿಗೂ ತೋರ್ಸು.”

ಮಾರನೆಯ ಬೆಳಿಗ್ಗೆ ತವರಿನಲ್ಲಿ ಮಳೆ ನಿಂತು ಆಕಾಶ ತೊಳೆದಂತಿತ್ತು. ಅಪ್ಪ ಹಾಲು ಕರೆದು ಮುಗಿಸಿ ಕೈ ಒರೆಸಿಕೊಂಡು ದಿಕ್ಸೂಚಿಯನ್ನು ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಇಟ್ಟರು. ಸೂಜಿ ಅಲುಗಾಡಿ ನಿಂತಿತು. ಅವರು ಡಬ್ಬಿಯನ್ನು ತಿರುಗಿಸಿ ಎನ್ ಅಕ್ಷರವನ್ನು ಸೂಜಿಯ ತುದಿಗೆ ಕೂಡಿಸಿದರು. ಎದುರಿಗೆ ಹುಣಸೆಮರದ ಸಂದಿಯಲ್ಲಿ ಸೂರ್ಯ ಬರುತ್ತಿದ್ದ. ಅಪ್ಪ ಸೂರ್ಯನನ್ನು ನೋಡಿದರು, ಡಬ್ಬಿಯನ್ನು ನೋಡಿದರು.

“ಏನಮ್ಮೋ, ನಿಮ್ಮಾವ್ನೋರ ಊರಾಗೆ ಸೂರ್ಯ ಪಡುವಲ ಕಡೆ ಉಟ್ತಾನಾ?”

ಸೂರ್ಯ ಹುಟ್ಟುತ್ತಿದ್ದ ಕಡೆಗೆ ಡಬ್ಲ್ಯೂ ಇತ್ತು. ಮನೆಯ ಹಿಂದುಗಡೆಗೆ, ಪಶ್ಚಿಮಕ್ಕೆ, ಇ ಇತ್ತು. ಸೂಜಿ ತಿರುವುಮುರುವಾಗಿ ಕೂತಿದೆಯೇನೋ ಎಂದುಕೊಂಡೆ. ಇಲ್ಲ, ಅದು ಸರಿಯಾಗಿ ಉತ್ತರಕ್ಕೇ ನಿಂತಿತ್ತು. ಕೆತ್ತಿದ ಅಕ್ಷರಗಳೇ ಅದಲುಬದಲಾಗಿದ್ದವು. ನಾನು ಪಿಯುಸಿ ಓದಿದವಳು. ಶೆಡ್ಡಿನಲ್ಲಿ ಆ ತಗಡುಗಳನ್ನು ದಿನವೂ ನೋಡಿದ್ದೆ. ಮುನಿರಾಜುವೂ ನೋಡಿದ್ದ. ಸೂಜಿ ಸಲೀಸಾಗಿ ಆಡುತ್ತದೆಯೇ ಎಂದಷ್ಟೇ ನಾವು ನೋಡುತ್ತಿದ್ದದ್ದು. ಮಾವನ ಅಕ್ಷರ ತಪ್ಪಿರಬಹುದೆಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ.

ಮುನಿರಾಜುವಿಗೆ ಫೋನ್ ಮಾಡಿದೆ. ತೆಗೆದವರು ಮಾವ.

“ಅಮ್ಮಾಯಿನಾ? ಅವ್ನು ಪ್ಯಾಕಿಂಗ್ ಪೆಟ್ಗೆ ತರಕೋಗವ್ನೆ. ನಾಡಿದ್ದು ಲಾರಿಗಾಕ್ತೀವಿ. ನಿಮ್ಮಪ್ಪ ನೋಡುದ್ರಾ? ಏನಂದ್ರು?”

“ಬೋ ಚೆನ್ನಾಗದೆ ಅಂದ್ರು ಮಾವ.”

ಆ ಕಡೆ ಅವರು ನಕ್ಕ ಸದ್ದು ಕೇಳಿತು. ಆಮೇಲೆ ಕೆಮ್ಮು. ಗಣಿಯ ಧೂಳು ಅವರ ಎದೆಯಲ್ಲಿ ಆಗಲೇ ಮನೆ ಮಾಡಿತ್ತು.

ನಾನು ಸೀರೆ ಬದಲಾಯಿಸಿದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಆಷಾಡ್ದಾಗೆ ಗಂಡನ ಮನೆಗೆ ಓಗ್ತಾಳಂತೆ! ಊರೋರು ಏನಂದಾರು?”

“ಮನೆಯೊಳ್ಗೆ ಓಗಲ್ಲಮ್ಮ. ಒಸ್ಲು ದಾಟಲ್ಲ. ಸಂಜೆ ರೈಲಿಗೆ ಬತ್ತೀನಿ.”

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ಜನವೆಲ್ಲ ಬೆಂಗಳೂರಿನ ಗಾಡಿಗೆ ನುಗ್ಗುತ್ತಿತ್ತು. ನಾನು ಎದುರು ದಿಕ್ಕಿಗೆ, ಮಾರಿಕುಪ್ಪಂ ಗಾಡಿಗೆ ಹತ್ತಿದೆ. ಬೋಗಿಯಲ್ಲಿ ಖಾಲಿ ಹೂವಿನ ಬುಟ್ಟಿಗಳ ಜೊತೆ ನಿದ್ದೆ ಹೋಗುತ್ತಿದ್ದ ಇಬ್ಬರು ಹೆಂಗಸರು ಬಿಟ್ಟರೆ ಯಾರೂ ಇರಲಿಲ್ಲ. ಕಿಟಕಿಯಾಚೆ ಎಳೆಯ ರಾಗಿ ಪೈರು ಗಾಳಿಗೆ ಮಲಗಿ ಏಳುತ್ತಿತ್ತು. ಮುಂದೆ ಸೈನೈಡ್ ಗುಡ್ಡಗಳು, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಮಣ್ಣಿನ ದಿಬ್ಬಗಳು, ಬಂದವು. ಮಳೆಗೆ ಅವುಗಳ ಮೈಯಿಂದ ಬೂದು ಬಣ್ಣದ ಕೆಸರು ಇಳಿದು ರಸ್ತೆಗೆಲ್ಲ ಬಳಿದುಕೊಂಡಿತ್ತು. ಮಡಿಲಿನಲ್ಲಿ ದಿಕ್ಸೂಚಿ ಇತ್ತು. ರೈಲು ತಿರುಗಿದಾಗೆಲ್ಲ ಡಬ್ಬಿ ತಿರುಗುತ್ತಿತ್ತು, ಸೂಜಿ ಮಾತ್ರ ತನ್ನ ಹಠ ಬಿಡುತ್ತಿರಲಿಲ್ಲ.

ಅತ್ತೆ ಬಾಗಿಲಲ್ಲೇ ಇದ್ದರು.

“ಏಯ್, ನಿಂತ್ಕ ಅಲ್ಲೇ! ಒಸ್ಲು ಮುಟ್ಬ್ಯಾಡ!” ಎಂದು ಕೈ ಚಾಚಿ ಕೂಗಿದರು. ಆಮೇಲೆ ದನಿ ತಗ್ಗಿಸಿ, “ಯಾಕೆ, ನನ್ ಮಗನ್ನ ಒಂದ್ ತಿಂಗ್ಳು ಬಿಟ್ಟಿರಕಾಗಲ್ವಾ?” ಎಂದು ಕಣ್ಣು ಕಿರಿದು ಮಾಡಿದರು.

ಪಕ್ಕದ ಸಂದಿಯಿಂದ ಹಿತ್ತಲಿನ ಶೆಡ್ಡಿಗೆ ಹೋದೆ. ಶೆಡ್ಡಿಗೆ ಹೊಸಿಲಿಲ್ಲ. ಮುನಿರಾಜು ಒಬ್ಬನೇ ಪೆಟ್ಟಿಗೆಗೆ ಹುಲ್ಲು ತುಂಬುತ್ತಿದ್ದ. ನಾನು ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು ಎನ್ ಅನ್ನು ಸೂಜಿಗೆ ಕೂಡಿಸಿದೆ. ಅವನು ನೋಡಿದ. ಇನ್ನೊಂದನ್ನು ತೆಗೆದು ನೋಡಿದ. ಮತ್ತೊಂದನ್ನು. ಎಲ್ಲವೂ ಹಾಗೆಯೇ.

“ಬೇರೆಯೋರಿಗಾದ್ರೆ ಗೊತ್ತೇ ಆಗ್ತಿರ್ಲಿಲ್ಲ,” ಅಂದ. “ದೋಣಿಯೋರು ಕೈಗೆ ತಗಂಡ ತಕ್ಷಣ ನಗ್ತಾರೆ.”

“ಮಾವಂಗೆ ಏಳಾಣ.”

“ಬ್ಯಾಡ.” ಅವನು ಶೆಡ್ಡಿನ ಬಾಗಿಲ ಕಡೆ ನೋಡಿದ. “ಅವ್ರ ಬೆನ್ನು ನೋಡ್ಕಂಡು ಬೆಳ್ದೋನು ನಾನು. ನಿಂಗೊತ್ತಿಲ್ಲ. ಇದನ್ನೂ ಕಿತ್ಕಂಡ್ರೆ ಮತ್ತೆ ಉಳಿ ಮುಟ್ಟಲ್ಲ ಅವ್ರು. ಮತ್ತೆ ಗೋಡೆ ಮುಂದೆ ಕೂತ್ಕಂಡ್ರೆ ಈ ಸಲ ಏಳಲ್ಲ.”

ಹಳೆಯ ಕಾಗದದ ಮುಖಗಳ ಕಟ್ಟೊಂದು ಕಪಾಟಿನಲ್ಲಿತ್ತು. ಅವನ್ನು ಮಾವನ ಅಕ್ಷರದ ಮೇಲೆ ಅಂಟಿಸಿ ಕಳಿಸೋಣ, ಕ್ಲಬ್ಬಿನವರಿಗೆ ಏನಾದರೂ ಹೇಳೋಣ, ಮಾವನಿಗೆ ತಿಳಿಯುವುದು ಬೇಡ ಎಂದ. ನನಗೆ ಒಪ್ಪಿಗೆ ಇರಲಿಲ್ಲ. ಆದರೆ ಅವನ ಭಯ ನಿಜವಾದದ್ದು. ಅಂಟು ಕಲಸಿಕೊಟ್ಟೆ. ಅವನು ಮೊದಲನೆಯದನ್ನು ಅಂಟಿಸಿ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಬಾಗಿಲಿನಲ್ಲಿ ನೆರಳು ಬಿತ್ತು.

“ಏನ್ ಅಮ್ಮಾಯಿ, ಆಷಾಡ್ದಾಗೆ?” ಎನ್ನುತ್ತ ಬಂದ ಮಾವ ಮೇಜನ್ನು ನೋಡಿ ನಿಂತರು. ಅಂಟಿಸಿದ್ದ ಡಬ್ಬಿಯನ್ನು ಎತ್ತಿಕೊಂಡು, ಒದ್ದೆ ಕಾಗದದ ಅಂಚನ್ನು ಉಗುರಿನಿಂದ ಎತ್ತಿ, ಸುಲಿದರು. ಕೆಳಗೆ ಅವರ ಎನ್ ಹೊಳೆಯಿತು. ಅವರು ಮಗನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

“ನನ್ ಅಕ್ಷರ ಚೆನ್ನಾಗಿಲ್ವಾ?”

ಆ ಪ್ರಶ್ನೆಗೆ ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ. ಸುಮ್ಮನಿದ್ದರೆ ಅದೇ ಸುಳ್ಳಾಗುತ್ತಿತ್ತು.

“ಅಕ್ಷರ ಚೆನ್ನಾಗದೆ ಮಾವ. ಸೂರ್ಯ ಉಟ್ಟೋ ಕಡೆ ಡಬ್ಲ್ಯೂ ಬಂದದೆ ಅಂತ ನಮ್ಮಪ್ಪ ಅಂದ್ರು.”

ಮಾವ ಡಬ್ಬಿಯನ್ನು ನೋಡುತ್ತ ನಿಂತರು. ಆಮೇಲೆ ಅದನ್ನು ಹೊಟ್ಟೆಯ ಹತ್ತಿರ ಹಿಡಿದುಕೊಂಡು, ಚಪ್ಪಲಿ ಮೆಟ್ಟದೆ, ಹೊರಗೆ ನಡೆದರು. ಮುನಿರಾಜು ಅಂಟಿನ ಬಟ್ಟಲು ಪಕ್ಕಕ್ಕೆ ಸರಿಸಿದ. “ನೀನೋಗು,” ಅಂದ. “ನನ್ ಜೊತೆ ಮಾತಾಡಲ್ಲ ಅವ್ರು.”

ನಾನು ಹಿಂದೆ ಹೋದೆ. ಆಷಾಢದ ಗಾಳಿ ಬೀಸುತ್ತಿತ್ತು, ಸೆರಗು ನಿಲ್ಲುತ್ತಿರಲಿಲ್ಲ. ಅವರು ಎಲ್ಲೂ ತಿರುಗಿ ನೋಡದೆ ಗಣಿಯೊಳಕ್ಕೆ ಇಳಿಯುತ್ತಿದ್ದ, ಈಗ ಬೀಗ ಹಾಕಿದ ಹಳೆಯ ಶಾಫ್ಟಿನ ಗೇಟಿನವರೆಗೂ ನಡೆದು, ಅದರ ಕಂಬಿ ಹಿಡಿದು ಕೆಮ್ಮಿದರು. ಕೆಮ್ಮು ನಿಂತ ಮೇಲೆ ನನ್ನನ್ನು ಹತ್ತಿರ ಕರೆದು ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು.

“ಸೊಂಟದತ್ರ ಇಡ್ಕೊ. ಎನ್ನು ಮುಂದಕ್ಕಿರ್ಲಿ. ಈಗ ಮೂಡ್ಲ ಕಡೆ ತಿರಿಕ್ಕೊ. ಎನ್ನೂ ನಿನ್ ಜೊತೇಲೇ ತಿರಗ್ಲಿ. ಸೂಜಿ ತುದಿ ಯಾವ್ ಅಕ್ಷರದ ಮ್ಯಾಲೆ ನಿಂತದೆ?”

ನಾನು ನೋಡಿದೆ. “ಇ.”

“ಪಡುವಲಕ್ಕೆ ತಿರುಗು.”

ತಿರುಗಿದೆ. ಸೂಜಿ ಡಬ್ಲ್ಯೂ ಮೇಲೆ ನಿಂತಿತು.

“ಸರಿಯಾಗೇ ಅದೆಯಲ್ಲಮ್ಮಾ,” ಅಂದರು. ದನಿಯಲ್ಲಿ ಜಗಳವಿರಲಿಲ್ಲ. “ಕೆಳ್ಗಡೆ ಸೂರ್ಯ ಇಲ್ಲ, ಮರ ಇಲ್ಲ. ಯಾವ್ ಕಡೆ ಓಗ್ತಿದೀನಿ ಅಂತ ಡಯಲ್ಲೇ ಏಳ್ಬೇಕು. ನಾವು ಮುಖ ತಿರುಗಿಸಿದ ಕಡೆ ಎನ್ನು. ಸೂಜಿ ತುದೀಲಿ ನಾವು ಓಗೋ ದಿಕ್ಕು. ಅದ್ಕೇ ಗಣಿ ಡಯಲ್ಲಲ್ಲಿ ಇ, ಡಬ್ಲ್ಯೂ ಅದ್ಲು ಬದ್ಲು ಬರೀತಾರೆ. ನಾನ್ ಕಲ್ತಿದ್ದು ಅದೊಂದೇ ಡಯಲ್ಲು. ನಮ್ ಕಾಗದದ ಮುಖದಾಗೆ ಯಾವ್ ಅಕ್ಷರ ಯಾವ್ ಕಡೆ ಅಂತ ನಾನ್ ನೋಡೇ ಇಲ್ಲ.”

ಅಷ್ಟು ಹೇಳಿ ಗೇಟಿನಾಚೆ ನೋಡಿದರು. ಅಲ್ಲಿ ಪೊದೆ ಬೆಳೆದಿತ್ತು.

“ದೋಣಿಯೋರು ಡಬ್ಬಿ ಕೆಳಗಿಟ್ಟು, ಎನ್ ಕೂಡ್ಸಿ, ಸುತ್ತಾ ನೋಡ್ತಾರೆ. ಅವ್ರಿಗೆ ಸುತ್ತಾ ಕಾಣ್ತದೆ,” ಅಂದರು. “ಇಷ್ಟ್ ವರ್ಸ ಮ್ಯಾಲಿದ್ದು ಅದು ನಂಗೆ ಒಳೀಲಿಲ್ಲ.”

ಮನೆಗೆ ಬಂದು ನಡುಮನೆಯಲ್ಲಿ ಕೂತರು. ಗೋಡೆಗೆ ಮುಖ ಮಾಡಿ.

ಆ ದಿನ ಸಂಜೆಯ ರೈಲಿಗೆ ತವರಿಗೆ ಹೋದೆ. ಮಾರನೆಯ ದಿನ ಮತ್ತೆ ಬಂದೆ. ಅವರು ಹಾಗೆಯೇ ಕೂತಿದ್ದರು. ಅತ್ತೆ ಅಡುಗೆಮನೆಯ ಕಿಟಕಿಯಿಂದ ತಟ್ಟೆಯಲ್ಲಿ ದೋಸೆ ಚಾಚಿದರು, ಹೊಸಿಲು ದಾಟದ ನನಗೆ ಹಾಗೆಯೇ ಊಟ. ಶೆಡ್ಡಿನಲ್ಲಿ ಮುನಿರಾಜು ಲಾರಿಯವನಿಗೆ ಬೇಡವೆಂದು ಹೇಳಿ ಫೋನ್ ಇಟ್ಟಿದ್ದ. ಕ್ಲಬ್ಬಿನವರು ಶ್ರಾವಣದ ಹುಣ್ಣಿಮೆಯವರೆಗೆ ಕಾಯುತ್ತೇವೆ ಅಂದಿದ್ದರು. ಆದರೆ ಹೊಸ ತಗಡಿಲ್ಲ, ಕೆತ್ತುವ ಕೈ ಗೋಡೆಯ ಮುಂದಿದೆ.

“ಏನ್ ಅಷ್ಟೊಂದ್ ಯೋಚ್ನೆ?” ಅಂದರು ಅತ್ತೆ ಕಿಟಕಿಯಿಂದ. ನಾನು ಹೇಳಿದೆ. ಅವರು ಸೌಟನ್ನು ಕಾವಲಿಯ ಅಂಚಿಗೆ ಬಡಿದು, “ಅದ್ಕೆ ಮುಖ ಒಂದೇ ಕಡೇನಾ? ಒಂದ್ ಕಡೆ ಸೀದ್ರೆ ಮಗುಚಿ ಆಕಲ್ವಾ?” ಅಂದರು.

ಮುನಿರಾಜುವೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ಅವನು ಒಂದು ದಿಕ್ಸೂಚಿಯ ಬಳೆ ತೆಗೆದು, ಸೂಜಿ ಎತ್ತಿಟ್ಟು, ತಗಡನ್ನು ಮಗುಚಿದ. ಹಿಂಭಾಗ ಬೋಳು, ನುಣ್ಣಗೆ, ಏನೂ ಬರೆಯದ ಸ್ಲೇಟಿನ ಹಾಗೆ.

ಅವನಿಗೆ ಲೇತ್ ಬಿಟ್ಟು ಕೈಕೆತ್ತನೆ ಬರುತ್ತಿರಲಿಲ್ಲ. ನಾನು ಉಳಿ ತೆಗೆದುಕೊಂಡೆ. ಪೆನ್ಸಿಲಿನಿಂದ ನಾಲ್ಕು ಅಕ್ಷರ ಬರೆದು, ಎಸ್‌ನಿಂದ ಶುರು ಮಾಡಿದೆ, ಬಳುಕಿದ ಅಕ್ಷರ ಸುಲಭವಿರಬಹುದೆಂದು. ಉಳಿ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ತಗಡಿನ ಮೇಲೆ ಉಳಿ ಜಾರುವ ಸದ್ದು ಹಲ್ಲು ಜುಮ್ಮೆನಿಸುವಂಥದ್ದು, ಶೆಡ್ಡಿನ ಛಾವಣಿಗೆ ತಗುಲಿ ಓಣಿಗೆಲ್ಲ ಕೇಳಿಸುತ್ತದೆ. ನಾನು ಬಿಡಲಿಲ್ಲ. ಮೊದಮೊದಲು ನಿಜವಾಗಿ ಕೆತ್ತಲು ಬಾರದೆ ಜಾರುತ್ತಿತ್ತು. ಆಮೇಲೆ ಒಳಗೆ ಕೇಳಲಿ ಎಂದೇ ಜಾರಿಸಿದೆನೋ ಏನೋ, ಈಗ ಹೇಳಲಾರೆ.

“ಯಾರದು ತಗಡು ಕೆರೀತಿರೋದು!” ಎಂದು ನಡುಮನೆಯಿಂದ ಕೂಗು ಬಂತು.

ನಾನು ಇನ್ನೊಂದು ಸಲ ಕೆರೆದೆ.

ಮಾವ ಎದ್ದು ಬಂದರು. ಬಾಗಿಲಲ್ಲಿ ನಿಂತು ನನ್ನ ಎಸ್ ನೋಡಿದರು. ಅದು ಬಲಕ್ಕೆ ವಾಲಿ, ಹೊಟ್ಟೆ ಮುಂದೆ ಮಾಡಿಕೊಂಡು, ಕುಡಿದವನ ಹಾಗೆ ನಿಂತಿತ್ತು. ನಗು ಬಂತೋ ಸಿಟ್ಟು ಬಂತೋ, ಮೂಗಿನಿಂದ ಒಂದು ಸದ್ದು ಹೊರಟಿತು.

“ಸಾಮೀ! ಹಿತ್ತಾಳೆ ಏನ್ ಪಾಪ ಮಾಡಿತ್ತಮ್ಮಾ?”

“ನೀವ್ ಕೆತ್ತದಿದ್ರೆ ಇಂಗೇ ಕಳ್ಸೋದು ಮಾವ.”

“ಜರುಗು,” ಅಂದರು. ಕೂತರು. ನನ್ನ ಮುಷ್ಟಿಯ ಮೇಲೆ ತಮ್ಮ ಮುಷ್ಟಿಯಿಟ್ಟು, “ಉಳಿ ತಳ್ಳಬ್ಯಾಡ. ತಗಡು ತಿರುಗ್ಸು, ಉಳಿ ನಿಂತಿರ್ಲಿ,” ಅಂದರು. ಮುನಿರಾಜು ಹೊರಗೆ ಹೋಗಿ ತೊಟ್ಟಿಯ ಹತ್ತಿರ ಮುಖ ತೊಳೆದುಕೊಂಡು ಬಂದ.

ಆ ಆಷಾಢ ಪೂರ್ತಿ ನಾನು ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋದೆ. ಅಮ್ಮ ಮೊದಲು ಬೈದು, ಆಮೇಲೆ ಮಾವನಿಗೆಂದು ತಿಂಡಿ ಕಟ್ಟಿಕೊಡತೊಡಗಿದಳು. ಅತ್ತೆ ಕಿಟಕಿಯಿಂದ ಊಟ ಕೊಟ್ಟರು, ಕಿಟಕಿಯಿಂದಲೇ ಓಣಿಯ ಸುದ್ದಿಯನ್ನೂ ಕೊಟ್ಟರು. ಮಳೆ ತಗಡಿನ ಮೇಲೆ ಬಿದ್ದಾಗ ನಮಗೆ ಮಾತು ಕೇಳುತ್ತಿರಲಿಲ್ಲ. ನಿಂತಾಗ ಮಾವ ಭೂಮಿಯೊಳಗಿನ ಮಾತು ಹೇಳುತ್ತಿದ್ದರು. ಅಲ್ಲಿ ಸೆಕೆಯಲ್ಲಿ ಅಂಗಿ ಬಿಚ್ಚಿ ಹಿಂಡುತ್ತಿದ್ದದ್ದು, ದೀಪ ಆರಿಸಿ ಕೂತರೆ ತನ್ನ ಕೈ ತನಗೇ ಕಾಣುತ್ತಿರಲಿಲ್ಲವೆಂಬುದು, ಎರಡು ಕಡೆಯಿಂದ ಕೊರೆಯುತ್ತ ಬಂದ ಸುರಂಗಗಳು ಒಂದಕ್ಕೊಂದು ಸರಿಯಾಗಿ ಕೂಡಿದ ದಿನ ಎಲ್ಲರೂ ಆ ರಂಧ್ರದಲ್ಲೇ ಕೈ ತೂರಿಸಿ ಕೈ ಕುಲುಕಿದ್ದು. ಮುನಿರಾಜು ಲೇತ್ ನಿಲ್ಲಿಸಿ ಕೇಳುತ್ತಿದ್ದ. ಅವನಿಗೂ ಇದನ್ನೆಲ್ಲ ಅವರು ಹಿಂದೆ ಹೇಳಿರಲಿಲ್ಲ.

ಎನ್, ಇ, ಡಬ್ಲ್ಯೂ ಅವರು ಕೆತ್ತಿದರು. ಎಸ್ ನನಗೆ ಬಿಟ್ಟರು. “ಅದು ಕೆಟ್ಟಿದ್ರೂ ಪರ್ವಾಗಿಲ್ಲ, ಯಾರೂ ಅಷ್ಟಾಗಿ ಆ ಕಡೆ ನೋಡಲ್ಲ,” ಎಂದು ತಮಾಷೆ ಮಾಡುತ್ತಿದ್ದರು. ತಗಡನ್ನು ಕೂರಿಸುವ ಮೊದಲು ಎರಡೂ ಮಗ್ಗುಲಿಗೆ ಹೊಂಗೆ ಎಣ್ಣೆ ಸವರುತ್ತಿದ್ದರು. ಕೆಳಗಿನ ಮಗ್ಗುಲು ಯಾರಿಗೂ ಕಾಣುವುದಿಲ್ಲವಲ್ಲ ಮಾವ ಎಂದು ಒಮ್ಮೆ ಕೇಳಿದೆ. “ಕಾಣದಿದ್ರೇನು, ಅದೂ ಸರಿಯಾಗೇ ಬರ್ದಿದ್ದಲ್ವಾ,” ಅಂದರು.

ಶ್ರಾವಣದ ಮೊದಲ ದಿನ ಅತ್ತೆ ನನ್ನ ಕೈ ಹಿಡಿದು ಹೊಸಿಲು ದಾಟಿಸಿದರು. ಪೆಟ್ಟಿಗೆಗಳು ಅದೇ ವಾರ ಲಾರಿ ಹತ್ತಿದವು. ಸಮಾರಂಭ ಚೆನ್ನಾಗಿ ಆಯಿತೆಂದು ಕ್ಲಬ್ಬಿನವರು ಫೋಟೋ ಕಳಿಸಿದರು. ಶಾಲು ಹೊದ್ದ ಮುದುಕರು ಅಂಗೈಯಲ್ಲಿ ದಿಕ್ಸೂಚಿ ಹಿಡಿದು ಬಗ್ಗಿ ನೋಡುತ್ತಿದ್ದರು. ಮಾವ ಆ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, “ಯಾರೂ ನಗ್ತಿಲ್ಲ ಅಲ್ವಾ?” ಎಂದು ಕೇಳಿದರು. ಅದಾದ ಮೇಲೆ ಅವರು ಮತ್ತೆ ಗೋಡೆಯ ಮುಂದೆ ಕೂರಲಿಲ್ಲ. ಕೊನೆಯ ದಿನಗಳಲ್ಲಿ ಉಸಿರು ಎಳೆಯಲಾಗದೆ ಮಲಗಿದ್ದಾಗಲೂ ಮಂಚವನ್ನು ಶೆಡ್ಡಿನ ಬಾಗಿಲ ಕಡೆಗೆ ತಿರುಗಿಸಿಕೊಂಡಿದ್ದರು. ಒಳಗೆ ನಾನು ಕೆತ್ತುವುದು ಕೇಳುತ್ತಿತ್ತು. ಉಳಿ ಜಾರಿದರೆ ಕಣ್ಣು ಮುಚ್ಚಿಕೊಂಡೇ ಮೂಗಿನಿಂದ ಆ ಸದ್ದು ಮಾಡುತ್ತಿದ್ದರು.

ಹೋದ ವಾರ ಬಂದ ದಿಕ್ಸೂಚಿಯ ಸೂಜಿ ಎತ್ತಿಟ್ಟು ತಗಡನ್ನು ಮಗುಚಿದೆ. ಒಳಮಗ್ಗುಲಲ್ಲಿ ಅವರ ನಾಲ್ಕು ಅಕ್ಷರಗಳಿದ್ದವು, ಇ ಎಡಕ್ಕೆ, ಡಬ್ಲ್ಯೂ ಬಲಕ್ಕೆ. ಕಿಲುಬು ಒಂದು ಚುಕ್ಕೆಯೂ ಇಲ್ಲ. ಮೇಲಿನ ಮಗ್ಗುಲಲ್ಲಿ ಅವರ ಮೂರು, ನನ್ನದೊಂದು. ನನ್ನ ಎಸ್ ಇನ್ನೂ ಬಲಕ್ಕೆ ವಾಲಿಕೊಂಡೇ ಇತ್ತು.

ಅವರು ಗಣಿಯ ಲೆಕ್ಕದಲ್ಲಿ ಕೆತ್ತಿದ ತಗಡು ನಮ್ಮಲ್ಲಿ ಒಂದೂ ಉಳಿದಿಲ್ಲ. ಎಲ್ಲ ಸಮುದ್ರದ ಕಡೆಗೆ ಹೋದವು, ನಮ್ಮಪ್ಪನಿಗೆ ಕೊಟ್ಟದ್ದೂ ಲೆಕ್ಕ ತುಂಬಲು ಹೋಯಿತು. ಮುನಿರಾಜು ಈಗ ಬಂದ ತಗಡನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸುತ್ತ ನಿಂತ.

“ಇದು ನಾವಿಟ್ಕಳಾಣ,” ಅಂದ. “ಅವ್ರಿಗೆ ಹೊಸ ತಗಡು ಕೆತ್ತಿ ಕೂರ್ಸಿ ಕಳ್ಸು. ಅವ್ರಿಗೇನು ಗೊತ್ತಾಗ್ತದೆ? ಇದಕ್ಕೊಂದು ಚೌಕಟ್ಟು ಆಕ್ಸಿ ಅಪ್ಪನ ಫೋಟೋ ಪಕ್ಕ ತಗುಲಾಕ್ತೀನಿ.”

ನನಗೂ ಅದೇ ಆಸೆ ಇತ್ತು. ಹೊಸ ತಗಡನ್ನು ಕತ್ತರಿಸಿಯೂ ಇಟ್ಟೆ. ಅತ್ತೆಗೆ ಈಗ ಕಣ್ಣು ಮಂಜು, ಶೆಡ್ಡಿಗೆ ಗೋಡೆ ಹಿಡಿದುಕೊಂಡು ಬರುತ್ತಾರೆ. ಬಂದರು. ಮಗ ತಗಡನ್ನು ಅವರ ಕೈಯಲ್ಲಿಟ್ಟು ವಿಷಯ ಹೇಳಿದ. ಅವರು ಎರಡೂ ಮಗ್ಗುಲಿಗೆ ಹೆಬ್ಬೆರಳಾಡಿಸಿದರು. ಮೂಗಿನ ಹತ್ತಿರ ಹಿಡಿದರು. ನಾನು ಬೇರೆ ಕಡೆ ನೋಡಿದೆ.

“ಆ ಯಪ್ಪ ದೋಣಿಯೋನು, ಬದುಕವ್ನಾ?” ಎಂದು ಕೇಳಿದರು.

“ಅವ್ರೆ ಅತ್ತೆ. ಹಾಸ್ಗೇಲಿ ಅವ್ರೆ. ದಿಂಬಿನ ಪಕ್ಕ ಇಟ್ಕಂಡಿರ್ತಾರಂತೆ.”

ಅತ್ತೆ ತಗಡನ್ನು ಮಗನಿಗೆ ಕೊಡಲಿಲ್ಲ. ನನ್ನ ಕೈ ಹುಡುಕಿ ಅದರಲ್ಲಿಟ್ಟರು.

“ಕಳ್ಸು. ಗೋಡೆ ಸವಾಸ ನಿಮ್ಮಾವಂಗೆ ಸಾಕಾಗಿತ್ತು.”

ಮುನಿರಾಜು ಹೊಸ ಗಾಜು ಕತ್ತರಿಸಲು ಹೋದ. ನಾನು ಕಪಾಟಿನ ಹಿಂದಿನಿಂದ ಹೊಂಗೆ ಎಣ್ಣೆಯ ಬಾಟಲಿ ತೆಗೆದೆ. ತಳದಲ್ಲಿ ಇನ್ನೂ ಸ್ವಲ್ಪ ಇತ್ತು. ಬಟ್ಟೆಯ ತುದಿ ಅದ್ದಿ, ಹಿಂಡಿ, ಮೊದಲು ಒಳಮಗ್ಗುಲಿಗೆ ಸವರಿದೆ, ಆಮೇಲೆ ಹೊರಮಗ್ಗುಲಿಗೆ. ಸೂಜಿ ಕೂರಿಸಿದೆ. ಗಾಜು ಮುಚ್ಚುವ ಮೊದಲು ಡಬ್ಬಿಯನ್ನು ಸೊಂಟದ ಹತ್ತಿರ ಹಿಡಿದು ಒಮ್ಮೆ ಶೆಡ್ಡಿನ ಬಾಗಿಲ ಕಡೆಗೆ, ಮಾವನ ಮಂಚವಿದ್ದ ಕಡೆಗೆ ತಿರುಗಿದೆ. ಸೂಜಿ ತೂಗಾಡಿ ನಿಂತಿತು. ಬಳೆಯನ್ನು ಬಿಗಿ ಮಾಡಿ, ಅದೇ ಪಂಚೆಯ ತುಂಡಿನಲ್ಲಿ ಸುತ್ತಿ, ಪಾರ್ಸೆಲ್ ಕಟ್ಟಿದೆ.